ಸಿ ಡ್ರೈವ್ ಪೂರ್ತಿ ತುಂಬಿದೆ: ಫಾರ್ಮ್ಯಾಟ್ ಮಾಡದೆ ಜಾಗ ಬಿಡಿಸಿಕೊಳ್ಳಲು ಬರುತ್ತದೆಯೇ?

ಪ್ರಶ್ನೆ: ಅಶೋಕ ರಸ್ತೆ ಡಿಟಿಪಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಅಶೋಕ ರಸ್ತೆಯ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಕರಪತ್ರ, ಜಾತ್ರೆಗಳ ಫ್ಲೆಕ್ಸ್ ವಿನ್ಯಾಸ ನಮ್ಮ ಕೆಲಸ. ಮುಖ್ಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಮತ್ತು 16 ಜಿಬಿ ರ‍್ಯಾಮ್ ಇದೆ. ಸಿ ಡ್ರೈವ್ ಎಂಬುದು 128 ಜಿಬಿಯ ಎಸ್‌ಎಸ್‌ಡಿ. ಗಿರಾಕಿಗಳ ಕೆಲಸವನ್ನೆಲ್ಲ ಇಡುವ ಡಿ ಡ್ರೈವ್ 1 ಟಿಬಿಯ ಬೇರೆ ಹಾರ್ಡ್‌ಡಿಸ್ಕ್.

ಕೆಲವು ವಾರಗಳಿಂದ ಸಿ ಡ್ರೈವಿನ ಪಟ್ಟಿ ಕೆಂಪಗಾಗಿದೆ. ಈಗ 118 ಜಿಬಿಯಲ್ಲಿ ಉಳಿದಿರುವುದು 1.6 ಜಿಬಿ ಮಾತ್ರ. ಫೋಟೋಶಾಪ್‌ನಲ್ಲಿ ದೊಡ್ಡ ಫ್ಲೆಕ್ಸ್ ತೆರೆದು ಸ್ವಲ್ಪ ಹೊತ್ತು ಕೆಲಸ ಮಾಡುವಷ್ಟರಲ್ಲಿ ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ ಎಂಬ ಸಂದೇಶ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ವಿಂಡೋಸ್ ಅಪ್‌ಡೇಟ್ ಕೂಡ ಜಾಗ ಸಾಲದೆ ಅರ್ಧಕ್ಕೆ ನಿಂತಿದೆ. ರೀಸೈಕಲ್ ಬಿನ್ ಖಾಲಿ ಮಾಡಿದಾಗ ಸಿಕ್ಕ ಜಾಗ ಮರುದಿನವೇ ಕರಗಿಹೋಯಿತು.

ಫಾರ್ಮ್ಯಾಟ್ ಮಾಡಿಸಿಬಿಡಿ ಎಂದು ಸಲಹೆ ಕೊಡುವವರು ಬಹಳ ಜನ. ಆದರೆ ಈ ಯಂತ್ರದಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶದ ಹಳೆಯ ಫಾಂಟುಗಳೂ ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಕೂಡ ಇವೆ. ವರ್ಷಗಳ ಹಿಂದಿನ ಪತ್ರಿಕೆಗಳನ್ನು ತೆರೆದು ಹೆಸರು, ದಿನಾಂಕ ಬದಲಿಸಿ ಕೊಡಿ ಎಂದು ಕೇಳುವ ಗಿರಾಕಿಗಳು ಇಂದಿಗೂ ಇರುವುದರಿಂದ ಆ ವ್ಯವಸ್ಥೆಯನ್ನು ಕಳೆದುಕೊಳ್ಳಲು ನಾವು ತಯಾರಿಲ್ಲ. ವಿಂಡೋಸ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರ್ ಬಹಳ ದೊಡ್ಡದಾಗಿ ಕಾಣುತ್ತದೆ, ಅದನ್ನು ಅಳಿಸಬಹುದೇ? ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಕಟ್ ಮಾಡಿ ಡಿ ಡ್ರೈವಿಗೆ ಪೇಸ್ಟ್ ಮಾಡಿದರೆ ನಡೆಯುತ್ತದೆಯೇ? ಡಿ ಡ್ರೈವಿನಲ್ಲಿ 400 ಜಿಬಿಗಿಂತ ಹೆಚ್ಚು ಖಾಲಿಯಿದೆ. ಅದರಲ್ಲಿ ಒಂದಿಷ್ಟನ್ನು ಸಿ ಡ್ರೈವಿಗೆ ಸೇರಿಸಲು ಬರುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಕೋಟೆನಾಡು ಲ್ಯಾಬ್, ಚಿತ್ರದುರ್ಗ

ಫಾರ್ಮ್ಯಾಟ್ ಮಾಡುವ ಅಗತ್ಯ ಸದ್ಯಕ್ಕಂತೂ ಕಾಣುತ್ತಿಲ್ಲ. ಫಾರ್ಮ್ಯಾಟ್ ಮಾಡಿದರೆ ಜಾಗ ಸಿಗುವುದು ನಿಜ. ಆದರೆ ಆ ಜಾಗವನ್ನು ನುಂಗುತ್ತಿರುವುದು ಏನೆಂದು ತಿಳಿಯದೆ ಮಾಡಿದರೆ ಕೆಲವೇ ತಿಂಗಳಲ್ಲಿ ಮತ್ತೆ ಇದೇ ಕೆಂಪು ಪಟ್ಟಿಯ ಮುಂದೆ ಕೂರಬೇಕಾಗುತ್ತದೆ. ಇಲ್ಲಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬನ್ನು ನಾನು ನೋಡಿಕೊಳ್ಳುತ್ತೇನೆ, ತುಂಬಿದ ಸಿ ಡ್ರೈವ್ ನಮ್ಮಲ್ಲಿ ನಿತ್ಯದ ಮಾತು.

ನಿಮ್ಮ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರಿಸುತ್ತೇನೆ. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರಿಗೆ ದಯವಿಟ್ಟು ಕೈ ಹಚ್ಚಬೇಡಿ. ವಿಂಡೋಸ್‌ನ ಎಲ್ಲ ಘಟಕಗಳ ಮೂಲ ಸಂಗ್ರಹ ಇರುವುದೇ ಅಲ್ಲಿ. ಸಿಸ್ಟಂ32 ಮುಂತಾದ ಫೋಲ್ಡರುಗಳಲ್ಲಿ ನಿಮಗೆ ಕಾಣುವ ಫೈಲುಗಳಲ್ಲಿ ಬಹುಪಾಲು ಹಾರ್ಡ್ ಲಿಂಕ್ ಎಂಬ ವ್ಯವಸ್ಥೆಯ ಮೂಲಕ ಇಲ್ಲಿಗೇ ಜೋಡಣೆಯಾಗಿರುತ್ತವೆ. ಅಂದರೆ ಡಿಸ್ಕಿನ ಮೇಲೆ ಪ್ರತಿ ಒಂದೇ, ಹೆಸರು ಮಾತ್ರ ಎರಡು ಕಡೆ. ಎಕ್ಸ್‌ಪ್ಲೋರರ್ ಎರಡು ಕಡೆಯೂ ಲೆಕ್ಕ ಹಿಡಿಯುವುದರಿಂದ ಆ ಫೋಲ್ಡರ್ ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ವಿಂಡೋಸ್ ಒಳಗೆ ಅಡಗಿರುವ ಇನ್‌ಸ್ಟಾಲರ್ ಎಂಬ ಫೋಲ್ಡರಿನ ವಿಷಯವೂ ಅಷ್ಟೇ: ಅದನ್ನು ಅಳಿಸಿದ ದಿನ ಏನೂ ಆಗುವುದಿಲ್ಲ, ಆದರೆ ಮುಂದೆ ಯಾವುದೋ ತಂತ್ರಾಂಶವನ್ನು ತೆಗೆಯಲು ಅಥವಾ ನವೀಕರಿಸಲು ಹೋದಾಗ ಅದು ಬೇಕಾದ ಫೈಲ್ ಸಿಗದೆ ನಿಂತುಬಿಡುತ್ತದೆ.

ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಎತ್ತಿ ಡಿ ಡ್ರೈವಿಗೆ ಹಾಕುವುದೂ ಆಗದ ಮಾತು. ಇನ್‌ಸ್ಟಾಲ್ ಆಗುವಾಗಲೇ ಬಹುತೇಕ ಪ್ರತಿಯೊಂದು ತಂತ್ರಾಂಶ ತಾನಿರುವ ಜಾಗವನ್ನು ರಿಜಿಸ್ಟ್ರಿ ಎಂಬ ವಿಂಡೋಸ್‌ನ ಸೆಟ್ಟಿಂಗುಗಳ ದಾಖಲೆಯಲ್ಲಿ ಬರೆದಿಟ್ಟಿರುತ್ತದೆ. ಜಾಗ ಬದಲಾದರೆ ಹೆಚ್ಚಿನವು ಸರಿಯಾಗಿ ತೆರೆಯುವುದಿಲ್ಲ. ಇನ್ನು ಡಿ ಡ್ರೈವಿನ ಖಾಲಿ ಜಾಗವನ್ನು ಸಿ ಡ್ರೈವಿಗೆ ಸೇರಿಸುವ ಮಾತು ಒಂದೇ ಡಿಸ್ಕನ್ನು ಸಿ ಮತ್ತು ಡಿ ಎಂದು ಭಾಗ ಮಾಡಿಕೊಂಡವರಿಗೆ ಅನ್ವಯಿಸುತ್ತದೆ. ನಿಮ್ಮವು ಎರಡು ಬೇರೆ ಬೇರೆ ಡಿಸ್ಕುಗಳಾದ್ದರಿಂದ ಆ ದಾರಿ ಇಲ್ಲ.

ಈಗ ಮಾಡಬೇಕಾದದ್ದು ಅಳಿಸುವುದಲ್ಲ, ಅಳೆಯುವುದು. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುವ ವಿಝ್‌ಟ್ರೀ ಅಥವಾ ವಿನ್‌ಡರ್‌ಸ್ಟ್ಯಾಟ್ ಎಂಬ ತಂತ್ರಾಂಶಗಳಲ್ಲಿ ಒಂದನ್ನು ಡಿ ಡ್ರೈವಿಗೆ ಇಳಿಸಿಕೊಳ್ಳಿ. ವಿಝ್‌ಟ್ರೀ ಒಂದೊಂದೇ ಫೋಲ್ಡರಿನೊಳಗೆ ಹೊಕ್ಕು ನೋಡುವ ಬದಲು ಡಿಸ್ಕಿನ ಎಲ್ಲ ಫೈಲುಗಳ ಪಟ್ಟಿಯಾದ ಮಾಸ್ಟರ್ ಫೈಲ್ ಟೇಬಲನ್ನು ನೇರವಾಗಿ ಓದುವುದರಿಂದ ಬಹಳ ಬೇಗ ಮುಗಿಸುತ್ತದೆ. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಲ್ಲವಾದರೆ ಕೆಲವು ಸಿಸ್ಟಂ ಫೋಲ್ಡರುಗಳು ಲೆಕ್ಕಕ್ಕೆ ಬರದೆ, ಕಾಣುವ ಮೊತ್ತಕ್ಕೂ ಡ್ರೈವಿನಲ್ಲಿ ತುಂಬಿರುವುದಕ್ಕೂ ತಾಳೆಯಾಗುವುದಿಲ್ಲ. ಬಂದ ಪಟ್ಟಿಯನ್ನು ಇಲ್ಲಿ ಹಾಕಿ. ಅದನ್ನು ನೋಡದೆ ಯಾರು ಏನು ಹೇಳಿದರೂ ಊಹೆಯೇ ಆಗುತ್ತದೆ.

ಉತ್ತರ: ತುಂಗಭದ್ರಾ ತೀರ, ಹರಿಹರ

ಅಳತೆಯ ಮಾತು ಸರಿ. ಆದರೆ ಎರಡು ಫೈಲುಗಳು ಬಹುತೇಕ ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಇರುತ್ತವೆ. ಒಂದು ಹೈಬರ್‌ಫಿಲ್, ಅಂದರೆ ಹೈಬರ್ನೇಟ್ ಮಾಡಿದಾಗ ರ‍್ಯಾಮ್‌ನಲ್ಲಿ ಇದ್ದದ್ದನ್ನು ಉಳಿಸಿಡುವ ಫೈಲ್. ಇನ್ನೊಂದು ಪೇಜ್‌ಫೈಲ್, ಅಂದರೆ ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಫೈಲ್. ನಿಮಗೆ 16 ಜಿಬಿ ರ‍್ಯಾಮ್ ಇರುವುದರಿಂದ ಪೇಜ್‌ಫೈಲ್ ಬೇಕಾಗಿಯೇ ಇಲ್ಲ. ಎರಡನ್ನೂ ನಿಲ್ಲಿಸಿದರೆ ಹದಿನೈದು ಜಿಬಿಯಾದರೂ ಇವತ್ತೇ ಸಿಗುತ್ತದೆ. ಜೊತೆಗೆ ಯಾವುದಾದರೂ ಕ್ಲೀನರ್ ಆ್ಯಪ್ ಹಾಕಿ ರಿಜಿಸ್ಟ್ರಿಯನ್ನೂ ಸ್ವಚ್ಛ ಮಾಡಿಸಿ.

ಅಶೋಕ ರಸ್ತೆ ಡಿಟಿಪಿ, ದಾವಣಗೆರೆ

ಉತ್ತರಿಸಿದ ಇಬ್ಬರಿಗೂ ಧನ್ಯವಾದಗಳು. ವಿಝ್‌ಟ್ರೀ ತೋರಿಸಿದ ಲೆಕ್ಕ ಹೀಗಿದೆ. ವಿಂಡೋಸ್ ಫೋಲ್ಡರ್ 27 ಜಿಬಿ, ಪ್ರೋಗ್ರಾಂ ಫೈಲ್ಸ್ ಎರಡೂ ಸೇರಿ 21 ಜಿಬಿ, ಪೇಜ್‌ಫೈಲ್ 11 ಜಿಬಿ, ಹೈಬರ್‌ಫಿಲ್ 6.4 ಜಿಬಿ, ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್ ಎಂಬ ಫೋಲ್ಡರ್ 6 ಜಿಬಿ. ಯೂಸರ್ಸ್ ಫೋಲ್ಡರ್ ಒಂದೇ 44 ಜಿಬಿ ಇದೆ. ಅದರೊಳಗೆ ಟೆಂಪ್ ಫೋಲ್ಡರಿನಲ್ಲಿ 19 ಜಿಬಿ, ವಾಟ್ಸಾಪ್‌ನ ಫೋಲ್ಡರಿನಲ್ಲಿ 12 ಜಿಬಿ, ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಸೇರಿ 9 ಜಿಬಿ.

ಟೆಂಪ್ ಒಳಗೆ ಫೋಟೋಶಾಪ್ ಟೆಂಪ್ ಎಂಬ ಹೆಸರಿನಿಂದ ಶುರುವಾಗಿ ಅಂಕಿಗಳಿಂದ ಮುಗಿಯುವ ದೊಡ್ಡ ದೊಡ್ಡ ಫೈಲುಗಳಿವೆ. ಅವುಗಳದ್ದೇ 14 ಜಿಬಿ. ಕೆಲವುಗಳ ದಿನಾಂಕ ಹಿಂದಿನ ವರ್ಷದ್ದು. ಡೆಸ್ಕ್‌ಟಾಪಿನ ಮೇಲಿರುವ ಕೋರೆಲ್‌ಡ್ರಾ ಫೈಲುಗಳ ಪಕ್ಕದಲ್ಲಿ ಬ್ಯಾಕಪ್ ಆಫ್ ಎಂದು ಶುರುವಾಗುವ ಇನ್ನೊಂದೊಂದು ಫೈಲ್ ಇದೆ. ಇವುಗಳಲ್ಲಿ ಯಾವುದನ್ನು ಮುಟ್ಟಬಹುದು?

ಉತ್ತರ: ಮಂಡಿಪೇಟೆ ಫ್ಲೆಕ್ಸ್ ಡಿಸೈನ್, ದಾವಣಗೆರೆ

ನಾನೂ ಇದೇ ಕಸುಬಿನವನು, ಆದ್ದರಿಂದ ಫೋಟೋಶಾಪ್ ಭಾಗವನ್ನು ನಾನು ಹೇಳುತ್ತೇನೆ. ನಿಮ್ಮ ಡ್ರೈವ್ ತುಂಬಲು ದೊಡ್ಡ ಕಾರಣ ಆ 14 ಜಿಬಿಯೇ. ರ‍್ಯಾಮ್ ಸಾಲದಾದಾಗ ಫೋಟೋಶಾಪ್ ಡಿಸ್ಕಿನ ಮೇಲೆ ತಾತ್ಕಾಲಿಕವಾಗಿ ಬರೆದುಕೊಳ್ಳುವ ಜಾಗಕ್ಕೆ ಸ್ಕ್ರ್ಯಾಚ್ ಡಿಸ್ಕ್ ಎನ್ನುತ್ತಾರೆ. ನಾವು ಬದಲಿಸದ ಹೊರತು ಅದು ಸಿ ಡ್ರೈವೇ ಆಗಿರುತ್ತದೆ. ಫೋಟೋಶಾಪನ್ನು ಸರಿಯಾಗಿ ಮುಚ್ಚಿದಾಗ ಈ ಫೈಲುಗಳನ್ನು ಅದೇ ಅಳಿಸಿಕೊಳ್ಳುತ್ತದೆ. ಕೆಲಸದ ನಡುವೆ ಕರೆಂಟ್ ಹೋಗಿ ಯಂತ್ರ ಆರಿದರೆ, ಅಥವಾ ಹ್ಯಾಂಗ್ ಆಗಿ ಟಾಸ್ಕ್ ಮ್ಯಾನೇಜರಿನಿಂದ ಮುಚ್ಚಬೇಕಾಗಿ ಬಂದರೆ, ಅಳಿಸುವ ಅವಕಾಶವೇ ಸಿಗದೆ ಅವು ಅಲ್ಲೇ ಉಳಿಯುತ್ತವೆ. ಹಿಂದಿನ ವರ್ಷದ ದಿನಾಂಕ ಇರುವುದು ಈ ಕಾರಣಕ್ಕೆ. ಫೋಟೋಶಾಪ್ ಮುಚ್ಚಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಅವನ್ನೆಲ್ಲ ಅಳಿಸಿ. ಅವುಗಳಿಂದ ಯಾವ ವಿನ್ಯಾಸವನ್ನೂ ಮರಳಿ ಪಡೆಯಲು ಬರುವುದಿಲ್ಲ, ಹಾಗಾಗಿ ಅನುಮಾನ ಬೇಡ.

ಇಷ್ಟೊಂದು ಜಾಗ ಏಕೆ ಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. 10 ಅಡಿಗೆ 20 ಅಡಿಯ ಒಂದು ಫ್ಲೆಕ್ಸನ್ನು ಪೂರ್ತಿ ಅಳತೆಯಲ್ಲಿ 72 ಡಿಪಿಐಗೆ, ಅಂದರೆ ಅಂಗುಲಕ್ಕೆ 72 ಚುಕ್ಕೆಗಳಂತೆ ಇಟ್ಟರೆ ಅದು 8,640ಕ್ಕೆ 17,280 ಪಿಕ್ಸೆಲ್, ಅಂದರೆ ಸುಮಾರು 15 ಕೋಟಿ ಪಿಕ್ಸೆಲ್ ಆಗುತ್ತದೆ. ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆಯಲ್ಲಿ ಪಿಕ್ಸೆಲ್ ಒಂದಕ್ಕೆ 4 ಬೈಟ್. ಪೂರ್ತಿ ತುಂಬಿದ ಒಂದೇ ಒಂದು ಲೇಯರಿಗೆ ಸುಮಾರು 60 ಕೋಟಿ ಬೈಟ್, ಅಂದರೆ 0.6 ಜಿಬಿ ಬೇಕು. ದುಗ್ಗಮ್ಮನ ಜಾತ್ರೆಯ ಫ್ಲೆಕ್ಸ್ ಎಂದರೆ ನಿಮಗೇ ಗೊತ್ತು: ಹಿಂದೆ ಬಣ್ಣದ ಹಿನ್ನೆಲೆ, ನಡುವೆ ದೇವಿಯ ಚಿತ್ರ, ಕೆಳಗೆ ಶುಭ ಕೋರುವವರ ಭಾವಚಿತ್ರಗಳ ಸಾಲು, ಪ್ರತಿಯೊಂದಕ್ಕೂ ನೆರಳು, ಹೊಳಪು. ಅದರ ಮೇಲೆ ಹಿಸ್ಟರಿ ಸ್ಟೇಟ್ಸ್ ಎಂಬ ವ್ಯವಸ್ಥೆ ಹೊಸ ಆವೃತ್ತಿಗಳಲ್ಲಿ ಹಿಂದಿನ 50 ಹಂತಗಳನ್ನು ನೆನಪಿಟ್ಟುಕೊಂಡಿರುತ್ತದೆ. 16 ಜಿಬಿ ರ‍್ಯಾಮ್ ಬೇಗ ಮುಗಿದು ಉಳಿದದ್ದೆಲ್ಲ ಡಿಸ್ಕಿಗೆ ಹರಿಯುತ್ತದೆ.

ಎಡಿಟ್ ಮೆನುವಿನ ಪ್ರಿಫರೆನ್ಸಸ್ ಒಳಗೆ ಸ್ಕ್ರ್ಯಾಚ್ ಡಿಸ್ಕ್ಸ್ ಎಂಬಲ್ಲಿ ಸಿ ಡ್ರೈವಿನ ಗುರುತು ತೆಗೆದು ಡಿ ಡ್ರೈವಿಗೆ ಹಾಕಿ. ಜಾಗವಿಲ್ಲದೆ ಫೋಟೋಶಾಪ್ ತೆರೆಯುವುದೇ ಇಲ್ಲವಾದರೆ, ಅದನ್ನು ತೆರೆಯುವಾಗ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ, ಸ್ಕ್ರ್ಯಾಚ್ ಡಿಸ್ಕ್ ಆರಿಸುವ ಪೆಟ್ಟಿಗೆ ಮೊದಲೇ ಬರುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಎಸ್‌ಎಸ್‌ಡಿಗಿಂತ ನಿಧಾನವಾದ್ದರಿಂದ ದೊಡ್ಡ ಫೈಲಿನಲ್ಲಿ ಸ್ವಲ್ಪ ಎಳೆದಂತೆ ಅನ್ನಿಸುವುದು ಖಂಡಿತ. ಆದರೂ ಕೆಲಸ ನಡುವೆ ನಿಲ್ಲುವುದಕ್ಕಿಂತ ಅದು ಮೇಲು. ಹಿಸ್ಟರಿ ಹಂತಗಳನ್ನು 20ಕ್ಕೆ ಇಳಿಸಿ. ದೂರದಿಂದ ನೋಡುವ ದೊಡ್ಡ ಫ್ಲೆಕ್ಸಿಗೆ ಚಿತ್ರಭಾಗ 36 ಡಿಪಿಐ ಇದ್ದರೆ ಸಾಕು ಎಂಬುದು ನನ್ನ ಅನುಭವ. ಡಿಪಿಐ ಅರ್ಧವಾದರೆ ಫೈಲಿನ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಷರಗಳನ್ನು ಕೋರೆಲ್‌ಡ್ರಾದಲ್ಲಿ ವೆಕ್ಟರ್ ಆಗಿಯೇ ಇಟ್ಟುಕೊಂಡರೆ ಅವುಗಳ ಅಂಚು ಕೆಡುವುದಿಲ್ಲ.

ಬ್ಯಾಕಪ್ ಆಫ್ ಎಂಬವು ಕೋರೆಲ್‌ಡ್ರಾ ತಾನೇ ಮಾಡಿಟ್ಟ ಪ್ರತಿಗಳು. ಮೂಲ ಫೈಲ್ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿಕೊಂಡ ನಂತರ ಹಳೆಯವನ್ನು ಅಳಿಸಬಹುದು. ಆದರೆ ಬ್ಯಾಕಪ್ ವ್ಯವಸ್ಥೆಯನ್ನೇ ನಿಲ್ಲಿಸಬೇಡಿ. ವಾಟ್ಸಾಪ್‌ನ 12 ಜಿಬಿ ಬಹುಶಃ ಗಿರಾಕಿಗಳು ಕಳಿಸಿದ ಫೋಟೋ, ವಿಡಿಯೋಗಳು. ನಡೆಯುತ್ತಿರುವ ಕೆಲಸಕ್ಕೆ ಬೇಕಾದವನ್ನು ಗಿರಾಕಿಯ ಹೆಸರಿನ ಫೋಲ್ಡರ್ ಮಾಡಿ ಡಿ ಡ್ರೈವಿಗೆ ಕಾಪಿ ಮಾಡಿಕೊಂಡು, ತೆರೆದು ನೋಡಿ, ಆಮೇಲಷ್ಟೇ ಇಲ್ಲಿ ಅಳಿಸಿ. ಫೋನಿನಲ್ಲಿ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಯಾವುದನ್ನೂ ಅಳಿಸಬೇಡಿ.

ಉತ್ತರ: ಕೋಟೆನಾಡು ಲ್ಯಾಬ್, ಚಿತ್ರದುರ್ಗ

ಮೇಲಿನ ಉತ್ತರಕ್ಕೆ ನಾನು ಸೇರಿಸುವಂಥದ್ದು ಏನೂ ಇಲ್ಲ. ವಿಂಡೋಸ್‌ಗೆ ಸಂಬಂಧಿಸಿದ ಭಾಗವನ್ನು ಹೇಳುತ್ತೇನೆ.

ಹರಿಹರದವರು ಹೈಬರ್‌ಫಿಲ್ ಬಗ್ಗೆ ಹೇಳಿದ್ದು ಸರಿಯಾಗಿದೆ. ಅದರ ಗಾತ್ರ ಸಾಮಾನ್ಯವಾಗಿ ರ‍್ಯಾಮ್‌ನ 40 ಪ್ರತಿಶತ, ನಿಮ್ಮ 6.4 ಜಿಬಿ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅಂಗಡಿಯ ಡೆಸ್ಕ್‌ಟಾಪ್ ಯಂತ್ರಕ್ಕೆ ಹೈಬರ್ನೇಷನ್ ಬೇಕಾಗುವುದು ಅಪರೂಪ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪವರ್‌ಸಿಎಫ್‌ಜಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ಸ್ಲ್ಯಾಶ್ ಮತ್ತು ಎಚ್, ಮತ್ತೆ ಜಾಗ ಬಿಟ್ಟು ಆಫ್ ಎಂದು ಬರೆದು ಎಂಟರ್ ಒತ್ತಿದರೆ ಆ ಫೈಲ್ ಹೋಗುತ್ತದೆ. ಇದರಿಂದ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವೂ ನಿಲ್ಲುತ್ತದೆ, ಆದರೆ ಎಸ್‌ಎಸ್‌ಡಿಯಲ್ಲಿ ಆ ವ್ಯತ್ಯಾಸ ದೊಡ್ಡದಲ್ಲ. ಫೈಲನ್ನು ನೇರವಾಗಿ ಅಳಿಸಲು ಹೋಗಬೇಡಿ.

ಪೇಜ್‌ಫೈಲ್ ವಿಷಯದಲ್ಲಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ರ‍್ಯಾಮ್ ತುಂಬುವಂಥ ಕೆಲಸ ಮಾಡುವವರೇ ಪೇಜ್‌ಫೈಲ್ ತೆಗೆದರೆ, ಮೆಮೊರಿ ಕೇಳಿದ ತಂತ್ರಾಂಶಕ್ಕೆ ವಿಂಡೋಸ್ ಇಲ್ಲವೆನ್ನಬೇಕಾಗುತ್ತದೆ. ಆಗ ಫೋಟೋಶಾಪ್ ಸೇವ್ ಮಾಡುವ ಮೊದಲೇ ಮುಚ್ಚಿಹೋಗಬಹುದು. 11 ಜಿಬಿ ಉಳಿಸಲು ಹೋಗಿ ಗಿರಾಕಿಯ ಕೆಲಸ ಕಳೆದುಕೊಳ್ಳುವುದು ಬೇಡ. ಅದನ್ನು ವಿಂಡೋಸ್ ನಿರ್ವಹಣೆಗೇ ಬಿಡಿ. ರಿಜಿಸ್ಟ್ರಿ ಸ್ವಚ್ಛಗೊಳಿಸುವುದರಿಂದ ಜಾಗವೇನೂ ಸಿಗುವುದಿಲ್ಲ. ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶ ಇರುವ ಯಂತ್ರದಲ್ಲಿ ಅದು ಅಪಾಯವೂ ಹೌದು.

ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್ ಎಂಬುದರಲ್ಲಿ ಹೆಚ್ಚಾಗಿ ಇರುವುದು ರೀಸ್ಟೋರ್ ಪಾಯಿಂಟುಗಳು, ಅಂದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಉಳಿಸಿಟ್ಟ ಪ್ರತಿಗಳು. ಸಿಸ್ಟಂ ಪ್ರೊಟೆಕ್ಷನ್ ಸೆಟ್ಟಿಂಗಿನಲ್ಲಿ ಅದರ ಮಿತಿಯನ್ನು 3 ಜಿಬಿಗೆ ಇಳಿಸಿದರೆ ಹಳೆಯವು ತಾವೇ ಹೋಗುತ್ತವೆ. ಪೂರ್ತಿ ಆಫ್ ಮಾಡಬೇಡಿ. ನಂತರ ಡಿಸ್ಕ್ ಕ್ಲೀನಪ್ ತೆರೆದು, ಕ್ಲೀನಪ್ ಸಿಸ್ಟಂ ಫೈಲ್ಸ್ ಒತ್ತಿ, ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಎಂಬುದಕ್ಕೆ ಗುರುತು ಹಾಕಿ. ವಿನ್‌ಎಸ್‌ಎಕ್ಸ್‌ಎಸ್ ಒಳಗಿನ ಹಳೆಯ ಆವೃತ್ತಿಗಳನ್ನು ಕ್ರಮಬದ್ಧವಾಗಿ ತೆಗೆಯುವ ದಾರಿ ಇದು. ಇದಕ್ಕೆ ಬಹಳ ಹೊತ್ತು ಹಿಡಿಯಬಹುದು, ನಡುವೆ ಕರೆಂಟ್ ಹೋಗಬಾರದು. ಯುಪಿಎಸ್ ಚಾರ್ಜ್ ಇರುವಾಗಲೇ ಶುರು ಮಾಡಿ. ಸೆಟ್ಟಿಂಗ್ಸ್‌ನ ಸ್ಟೋರೇಜ್ ಭಾಗದಲ್ಲಿ ಟೆಂಪರರಿ ಫೈಲ್ಸ್ ಪಟ್ಟಿಯಿಂದಲೂ ಇದನ್ನು ಮಾಡಬಹುದು, ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರಿನ ಹೆಸರೂ ಇರುತ್ತದೆ. ಅದಕ್ಕೆ ಗುರುತು ಬೀಳದಂತೆ ನೋಡಿಕೊಳ್ಳಿ. ಡಿಟಿಪಿ ಅಂಗಡಿಯ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಗಿರಾಕಿಗಳು ಮೇಲ್‌ನಲ್ಲಿ ಕಳಿಸಿದ ಫೈಲುಗಳೇ ತುಂಬಿರುತ್ತವೆ.

ಅಶೋಕ ರಸ್ತೆ ಡಿಟಿಪಿ, ದಾವಣಗೆರೆ

ಹೇಳಿದಂತೆಯೇ ಮಾಡಿದೆವು. ಟೆಂಪ್ ಫೋಲ್ಡರಿನಿಂದ 18 ಜಿಬಿ, ವಾಟ್ಸಾಪ್‌ನಿಂದ 12 ಜಿಬಿ, ಹೈಬರ್‌ಫಿಲ್‌ನಿಂದ 6.4 ಜಿಬಿ, ರೀಸ್ಟೋರ್ ಪಾಯಿಂಟುಗಳಿಂದ 3 ಜಿಬಿ, ಅಪ್‌ಡೇಟ್ ಕ್ಲೀನಪ್‌ನಿಂದ 4 ಜಿಬಿಯಷ್ಟು ಜಾಗ ಸಿಕ್ಕಿತು. ನಿಂತಿದ್ದ ಅಪ್‌ಡೇಟ್ ಪೂರ್ತಿಯಾದ ಮೇಲೂ 41 ಜಿಬಿ ಖಾಲಿಯಿದೆ. ಸ್ಕ್ರ್ಯಾಚ್ ಡಿಸ್ಕನ್ನು ಡಿ ಡ್ರೈವಿಗೆ ಬದಲಿಸಿದ್ದರಿಂದ ಫ್ಲೆಕ್ಸ್ ಕೆಲಸ ನಿಲ್ಲದೆ ನಡೆಯುತ್ತಿದೆ. ಆದರೆ ದೊಡ್ಡ ಫೈಲುಗಳಲ್ಲಿ ನಿಧಾನವಾಗಿದೆ. 512 ಜಿಬಿಯ ಎಸ್‌ಎಸ್‌ಡಿ ಹಾಕಿಸೋಣ ಎಂದಿದ್ದೇವೆ. ನುಡಿ, ಪೇಜ್‌ಮೇಕರ್ ಎಲ್ಲ ಇದ್ದಂತೆಯೇ ಹೊಸ ಡಿಸ್ಕಿಗೆ ಬರುವ ದಾರಿ ಇದೆಯೇ?

ಉತ್ತರ: ಹೊಳಲ್ಕೆರೆ ರಸ್ತೆ ಸರ್ವಿಸ್, ಚಿತ್ರದುರ್ಗ

ಇದೆ. ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ನಕಲು ಮಾಡುವುದಕ್ಕೆ ಕ್ಲೋನಿಂಗ್ ಎನ್ನುತ್ತಾರೆ. ಸಿ ಡ್ರೈವ್ ಒಂದನ್ನೇ ಅಲ್ಲದೆ, ಕಣ್ಣಿಗೆ ಕಾಣದ ಇಎಫ್‌ಐ ಮತ್ತು ರಿಕವರಿ ಪಾರ್ಟಿಷನ್‌ಗಳನ್ನೂ ಸೇರಿಸಿ ಇಡೀ ಡಿಸ್ಕನ್ನು ಕ್ಲೋನ್ ಮಾಡಿಸಿ. ಇಎಫ್‌ಐ ಭಾಗ ಬಿಟ್ಟುಹೋದರೆ ಹೊಸ ಡಿಸ್ಕಿನಿಂದ ಯಂತ್ರ ಬೂಟ್ ಆಗುವುದಿಲ್ಲ.

ಖರೀದಿಗೆ ಮೊದಲು ಮದರ್‌ಬೋರ್ಡ್ ನೋಡಿಸಿ. ಎಸ್‌ಎಸ್‌ಡಿ ಸಿಕ್ಕಿಸುವ ಎಂ.2 ಸ್ಲಾಟ್ ಇದ್ದರೂ ಅದು ಹೆಚ್ಚು ವೇಗದ ಎನ್‌ವಿಎಂಇ ಡಿಸ್ಕನ್ನು ತೆಗೆದುಕೊಳ್ಳುತ್ತದೆಯೋ ಅದಕ್ಕಿಂತ ನಿಧಾನದ ಸಾಟಾ ಮಾತ್ರವೋ ಎಂದು ಮಾದರಿಯ ಮ್ಯಾನುಯಲ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು. ವಿಂಡೋಸ್ 11ರಲ್ಲಿ ಡಿಸ್ಕಿಗೆ ಬೀಗ ಹಾಕಿದಂತೆ ಮಾಡುವ ಡಿವೈಸ್ ಎನ್‌ಕ್ರಿಪ್ಷನ್ ನಮಗೆ ತಿಳಿಯದೆಯೇ ಆನ್ ಆಗಿರುವುದುಂಟು. ಹಾಗಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು, ಕ್ಲೋನ್ ಮಾಡುವ ಮೊದಲು ಅದನ್ನು ಆಫ್ ಮಾಡಿ. ಏನೇ ಆಗಲಿ, ವಿಂಡೋಸ್‌ನ ಫಾಂಟ್ಸ್ ಫೋಲ್ಡರನ್ನೂ ನುಡಿಯ ಇನ್‌ಸ್ಟಾಲರನ್ನೂ ಡಿ ಡ್ರೈವಿಗೆ ಒಂದು, ಪೆನ್‌ಡ್ರೈವಿಗೆ ಒಂದು ಪ್ರತಿ ಮಾಡಿ. ಫಾಂಟುಗಳು ಹಿಡಿಯುವ ಜಾಗ ಅತ್ಯಲ್ಪ, ಆದರೆ ಹಳೆಯ ಪೇಜ್‌ಮೇಕರ್ ಫೈಲುಗಳು ಅವಿಲ್ಲದೆ ಓದಲು ಬರುವುದಿಲ್ಲ.

ಕ್ಲೋನ್ ಆದ ಮೇಲೆ ಹೊಸ ಡಿಸ್ಕಿನ ಹೆಚ್ಚುವರಿ ಜಾಗ ಖಾಲಿ ಬಿದ್ದಿರುವುದು ಕಾಣಿಸುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಲು ಹೋದರೆ ಅದು ಮಸುಕಾಗಿದ್ದು ಒತ್ತಲು ಬರದಿರಬಹುದು. ಸಿ ಡ್ರೈವಿನ ಬಲಕ್ಕೆ ತಾಗಿದಂತೆ ಖಾಲಿ ಜಾಗ ಇದ್ದರೆ ಮಾತ್ರ ವಿಂಡೋಸ್ ಅದನ್ನು ವಿಸ್ತರಿಸುತ್ತದೆ; ಅನೇಕ ಯಂತ್ರಗಳಲ್ಲಿ ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿರುತ್ತದೆ. ಕ್ಲೋನ್ ಮಾಡುವಾಗಲೇ ಪಾರ್ಟಿಷನ್‌ಗಳ ಗಾತ್ರ ಬದಲಿಸಲು ಬಿಡುವ ತಂತ್ರಾಂಶ ಬಳಸಿ, ರಿಕವರಿ ಭಾಗವನ್ನು ಡಿಸ್ಕಿನ ಕೊನೆಗೆ ಸರಿಸಿಕೊಂಡರೆ ಈ ತೊಡಕು ಬರುವುದಿಲ್ಲ.

ಮೊದಲ ಸಲ ಬೂಟ್ ಮಾಡುವಾಗ ಹಳೆಯ ಎಸ್‌ಎಸ್‌ಡಿಯನ್ನು ಬಿಚ್ಚಿಡಿ. ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್, ಪ್ರಿಂಟರುಗಳು ಎಲ್ಲವೂ ಕೆಲಸ ಮಾಡುತ್ತಿವೆ ಎಂದು ಕೆಲವು ದಿನ ನೋಡಿದ ನಂತರವಷ್ಟೇ ಅದನ್ನು ಅಳಿಸಿ, ಇನ್ನೊಂದು ಡ್ರೈವ್ ಆಗಿ ಸೇರಿಸಿ ಫೋಟೋಶಾಪ್‌ನ ಸ್ಕ್ರ್ಯಾಚ್ ಡಿಸ್ಕಿಗೆ ಮೀಸಲಿಡಿ. ನೀವು ಹೇಳಿದ ನಿಧಾನ ಅದರಿಂದ ಬಹುಮಟ್ಟಿಗೆ ತಪ್ಪುತ್ತದೆ. ಇಷ್ಟು ದಿನ ತುಂಬಿಕೊಂಡೇ ದುಡಿದ ಹಳೆಯ ಡಿಸ್ಕ್ ಆದ್ದರಿಂದ ಗಿರಾಕಿಯ ಫೈಲುಗಳನ್ನು ಅದರಲ್ಲಿ ಇಡಬೇಡಿ.